ಮೂರನೇ ಪ್ರಶ್ನೆಗೆ ಉತ್ತರ

ಹೊಳಲ್ಕೆರೆ ಕ್ಯಾಂಪ್
11 ಆಗಸ್ಟ್ 1974

ಗೆಳೆಯ ಓಬಣ್ಣ,

ದುರ್ಗದ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕುಳಿತು ನನ್ನ ಲೆಕ್ಕ ನೋಡಿ ಬರೆಯುತ್ತಿದ್ದವನು ಈಗ ಜವನಗೊಂಡನಹಳ್ಳಿಯ ಗ್ರಾಮಸೇವಕ. ಕಲಾಯಿ ಹಾಕುವ ಬಡೇಸಾಬರ ಮಗನಾದ ನಾನು ಹೆಲಿಕಾಪ್ಟರ್ ಮೆಕ್ಯಾನಿಕ್. ನಮ್ಮಿಬ್ಬರನ್ನೂ ನಂಬಿ ಶೇಂಗಾ ಹೊಲಗಳಿಗೆ ಮೇಲಿನಿಂದ ಔಷಧಿ ಹೊಡೆಸುತ್ತಿದ್ದಾರಲ್ಲ, ಅವರ ಧೈರ್ಯ ದೊಡ್ಡದು.

ತಾಳ್ಯದ ಕಡೆ ಕೆಲಸ ಮುಗಿಯುತ್ತ ಬಂತು. 21ನೇ ತಾರೀಕು ಬುಧವಾರ ಬೆಳಿಗ್ಗೆ ನಮ್ಮ ಪೈಲಟ್ ಕ್ಯಾಪ್ಟನ್ ರಾಣೆ ಯಂತ್ರವನ್ನು ನಿಮ್ಮೂರಿಗೆ ಹಾರಿಸಿಕೊಂಡು ಬರುತ್ತಾರೆ. ನಾನು ಔಷಧಿ ಡ್ರಮ್ಮುಗಳ ಜೊತೆ ಜೀಪಿನಲ್ಲಿ ಹಿಂದೆ ಬರುತ್ತೇನೆ. ಇಳಿಯುವ ಜಾಗ ಸಿದ್ಧ ಮಾಡುವ ಕೆಲಸ ನಿನ್ನದು ಎಂದು ಕೇಳಿ ಖುಷಿಯೂ ಆಯಿತು, ದಿಗಿಲೂ ಆಯಿತು.

ತಮಾಷೆ ಬಿಟ್ಟು ಓದು. ಹೆಲಿಕಾಪ್ಟರುಗಳು ಹಾರುವಾಗ ಬೀಳುವುದು ಕಡಿಮೆ, ಇಳಿಯುವಾಗ ಬೀಳುವುದೇ ಹೆಚ್ಚು. ಆಳೆತ್ತರಕ್ಕೆ ಬಂದಾಗ ಕೆಳಗೆ ಎದ್ದ ಧೂಳು ಪೈಲಟ್ಟನ ಕಣ್ಣು ಕಟ್ಟುತ್ತದೆ. ನೆಲ ಓರೆಯಾಗಿದ್ದರೆ ಮಗುಚುತ್ತದೆ. ಗಾಳಿ ಬೆನ್ನ ಹಿಂದಿನಿಂದ ಬಂದರೆ ಕುಸಿಯುತ್ತದೆ. ತಂತಿ ಕಾಣದಿದ್ದರೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಸಮನೆಲ ಆರಿಸು. ಹಿಂದಿನ ಸಂಜೆಯೂ ಅವತ್ತು ಬೆಳಿಗ್ಗೆಯೂ ಚೆನ್ನಾಗಿ ನೀರು ಹಾಕಿಸು. ನಡುವೆ ಸುಣ್ಣದ ವೃತ್ತ ಎಳೆ. ಗಾಳಿಯ ದಿಕ್ಕು ತಿಳಿಯಲು ಗಳದ ತುದಿಗೆ ಬಾವುಟ ಕಟ್ಟು. ಕಾಗದ, ಒಣ ಎಲೆ, ಬಟ್ಟೆ, ಗೋಣಿಚೀಲ, ಹೀಗೆ ಹಾರುವಂಥದ್ದು ಸುತ್ತ ಎಲ್ಲೂ ಇರಬಾರದು. ದನ, ಕುರಿ, ಜನ ಎಲ್ಲರೂ ನೂರು ಮಾರು ದೂರ.

ನಿನ್ನ ಅಮ್ಮ ಕಾಳಕ್ಕಮ್ಮ ಹೇಗಿದ್ದಾರೆ? ಮುಂಬಯಿ ಮಳೆಗೆಂದು ಅವರು ಕೊಟ್ಟ ಕಂಬಳಿ ತುಂಡು ಈಗಲೂ ನನ್ನ ಜೊತೆ ಇದೆ. ಯಂತ್ರದ ಬಾಲದ ಕೆಳಗೆ ಮೊಣಕಾಲೂರಿ ಕೆಲಸ ಮಾಡುವಾಗ ಹಾಸಿಕೊಳ್ಳುತ್ತೇನೆ. ಹಾಗೆಂದು ಹೇಳಬೇಡ, ಬೈಯುತ್ತಾರೆ.

ನಿನ್ನ
ಮಹಮ್ಮದ್ ಗೌಸ್


ಜವನಗೊಂಡನಹಳ್ಳಿ
16 ಆಗಸ್ಟ್ 1974

ಪ್ರೀತಿಯ ಗೌಸ್,

ನಿನ್ನ ಆಜ್ಞೆಗಳೆಲ್ಲ ತಲುಪಿದವು. ನಮ್ಮ ಹಟ್ಟಿಯ ಪಕ್ಕದ ಬಯಲು ಆರಿಸಿದ್ದೇನೆ. ಅಂಗೈಯಂತೆ ಸಮವಾಗಿದೆ, ತಂತಿ ಹತ್ತಿರದಲ್ಲೆಲ್ಲೂ ಇಲ್ಲ. ‘ಜಾಗ ಸರಿಯಾಗಿದೆ, ಹೊಣೆ ನನ್ನದು’ ಎಂದು ಆಫೀಸಿನಲ್ಲಿ ಬರೆದುಕೊಟ್ಟೂ ಬಂದೆ. ನೌಕರಿ ಸೇರಿ ಆರು ವರ್ಷಕ್ಕೆ ಮೊದಲ ಸಲ ನನ್ನ ಸಹಿಗೆ ಒಂದು ಬೆಲೆ ಬಂದಂತಾಯಿತು.

ಊರಿನಲ್ಲಿ ಯಾರಿಗೂ ನಿದ್ದೆಯಿಲ್ಲ. ಪಕ್ಕದ ಮನೆಯ ಜುಂಜಮ್ಮನ ಮೊಮ್ಮಕ್ಕಳು ಶ್ರೀರಾಂಪುರದಿಂದ ಬಸ್ಸು ಹತ್ತಿ ಈಗಲೇ ಬಂದು ಕೂತಿದ್ದಾರೆ. ಅಮ್ಮನಿಗೆ ಮಾತ್ರ ಬೇರೆಯೇ ಚಿಂತೆ.

“ಲೇ ಓಬಣ್ಣ, ಮ್ಯಾಲಿಂದ ಬರೋರಿಗೆ ಕಾಲಿಗೆ ನೀರು ಯಾವ ಕಡಿಗೆ ಇಡಾಣ?”

“ನೀರೂ ಬ್ಯಾಡ, ಏನೂ ಬ್ಯಾಡ ಕಣಮ್ಮ. ಅವರು ಕೆಲಸಕ್ಕೆ ಬರಾದು.”

“ಏನೂ ಹಾಸ್ದೆ ಬರೀ ನೆಲದ ಮ್ಯಾಲೆ ಇಳಿಸ್ತೀರೇನ್ರಪ್ಪ? ನಮ್ಮ ಹಟ್ಟಿ ಮರ್ಯಾದಿ ಏನಾಗಬೇಕು?”

ಬಾಗಿಲಿಗೆ ಬಂದವನಿಗೆ, ದೇವರಿಗೆ, ಪಂಚಾಯಿತಿಗೆ ಕೂರುವ ಹಿರಿಯರಿಗೆ ಕಂಬಳಿ ಹಾಸದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ. ನಾವು ಬೆಲ್ಲದ ಅಚ್ಚು ಕದ್ದಾಗಲೂ ಅದನ್ನೇ ಹಾಸಿದ್ದಳು, ನೆನಪಿದೆಯೆ? ಕಂಬಳಿಯ ಮೇಲೆ ಕುಳಿತವರು ಸುಳ್ಳು ಹೇಳುವಂತಿಲ್ಲ. ನಾನು ಹೊಟ್ಟೆನೋವೆಂದು ಓಡಿಹೋದೆ. ನೀನು ಕುಳಿತು, ಇಬ್ಬರೂ ತಿಂದೆವು ಎಂದುಬಿಟ್ಟೆ. ನನಗೆ ಬಿದ್ದ ಏಟಿನ ಲೆಕ್ಕ ಇನ್ನೂ ಬಾಕಿ ಇದೆ.

ಬುಧವಾರ ನಮ್ಮಲ್ಲೇ ಊಟ.

ನಿನ್ನ
ಓಬಣ್ಣ


ಮುಂಬಯಿ
2 ಸೆಪ್ಟೆಂಬರ್ 1974

ಓಬಣ್ಣ,

ಕ್ಯಾಪ್ಟನ್ ಬದುಕಿದ್ದಾರೆ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಇಳಿಯುವ ಹೊತ್ತಿನದು ಏನೂ ನೆನಪಿಲ್ಲ ಎನ್ನುತ್ತಾರೆ. ನಾನು ನೋಡಲು ಹೋದರೆ ಅವರ ಹೆಂಡತಿ ಎದ್ದು ಹೊರಗೆ ಹೋದರು.

ಅವತ್ತು ಹಿರಿಯೂರಿನಲ್ಲಿ ಜೀಪು ಕೆಟ್ಟು ನಾನು ತಡವಾಗಿ ಬಂದೆ. ಪೊಲೀಸರು ಹಗ್ಗ ಕಟ್ಟಿದ್ದರು. ಕ್ಯಾಪ್ಟನ್ನರ ಜೊತೆಗೇ ನನ್ನನ್ನು ದುರ್ಗಕ್ಕೆ ಕಳಿಸಿ, ಅಲ್ಲಿಂದ ಹಾಗೆಯೇ ಮುಂಬಯಿಗೆ ರೈಲು ಹತ್ತಿಸಿದರು. ಹಗ್ಗದ ಆಚೆ ನಿನ್ನನ್ನು ನೋಡಿದೆ. ಕೈ ಎತ್ತಿದೆ. ನೀನು ತಲೆ ತಗ್ಗಿಸಿದೆ. ಅದನ್ನೇ ನೆನೆದು ನೆನೆದು ಸಾಕಾಗಿದೆ.

ಆಳೆತ್ತರದಲ್ಲಿ ನಿಂತಿದ್ದ ಯಂತ್ರ ಬುಗುರಿಯ ಹಾಗೆ ತಿರುಗಿ ಬಿತ್ತು ಎಂದು ಜನ ಹೇಳಿದ್ದಾರೆ. ಬಾಲದ ಫ್ಯಾನು ನಿಂತರೆ ಹೀಗೆಯೇ ಆಗುವುದು. ಅದರ ಎರಡೂ ರೆಕ್ಕೆ ಮುರಿದಿವೆ. ಆ ಬೆಳಿಗ್ಗೆ ಪುಸ್ತಕದಲ್ಲಿ ‘ಎಲ್ಲ ಸರಿ’ ಎಂದು ಸಹಿ ಹಾಕಿದವನು ನಾನು. ನನ್ನ ಲೈಸೆನ್ಸ್ ಹಿಡಿದಿಟ್ಟಿದ್ದಾರೆ. ತಪ್ಪು ನನ್ನದೆಂದು ತೀರ್ಮಾನವಾದರೆ ಇನ್ನು ಮೇಲೆ ಯಾವ ಯಂತ್ರವನ್ನೂ ಮುಟ್ಟುವಂತಿಲ್ಲ. ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ ಎಂಬುದು ನಿನಗೆ ಗೊತ್ತು.

ನೀನು ಅಲ್ಲೇ ಇದ್ದೆ. ಏನು ಕಂಡೆ, ಬರೆ.

ಗೌಸ್


ಜವನಗೊಂಡನಹಳ್ಳಿ
14 ಸೆಪ್ಟೆಂಬರ್ 1974

ಪ್ರೀತಿಯ ಗೌಸ್,

ಪತ್ರ ತಡವಾಯಿತು, ಬೇಸರಿಸಬೇಡ. ಇಲ್ಲಿ ಹುಳು ಹೆಚ್ಚಾಗಿ ಕೈಪಂಪಿನಲ್ಲೇ ಔಷಧಿ ಹೊಡೆಸುತ್ತಿದ್ದೇವೆ. ಹೊಲದಿಂದ ಹೊಲಕ್ಕೆ ಓಡಿ ಓಡಿ ಕಾಲು ಬಿದ್ದುಹೋಗಿವೆ.

ಅವತ್ತು ಧೂಳು ಬಹಳ ಎದ್ದಿತು. ನೀರು ಸಾಲಲಿಲ್ಲವೇನೋ. ಜನ ನುಗ್ಗುತ್ತಿದ್ದರು, ನಾನು ಅವರನ್ನು ತಡೆಯುತ್ತಿದ್ದೆ, ನನ್ನ ಬೆನ್ನು ಆ ಕಡೆಗಿತ್ತು. ಸದ್ದು ಕೇಳಿ ತಿರುಗಿದಾಗ ಆಗಲೇ ಬಿದ್ದಿತ್ತು. ಕುರಿ ಕಾಯುವ ಕೆಂಚಣ್ಣ ಮತ್ತು ನಾನು ಕ್ಯಾಪ್ಟನ್ನರನ್ನು ಎಳೆದು ಹೊರಗೆ ತಂದೆವು. ಅಷ್ಟೇ ಗೊತ್ತು.

ಅಮ್ಮ ದಿನಾ ಕ್ಯಾಪ್ಟನ್ನರ ಬಗ್ಗೆ ಕೇಳುತ್ತಾಳೆ. ಕಾಲು ತೆಗೆದ ಸುದ್ದಿ ಹೇಳಿಲ್ಲ.

ನೀನು ತಪ್ಪು ಮಾಡುವವನಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಓಬಣ್ಣ


ಮುಂಬಯಿ
25 ಸೆಪ್ಟೆಂಬರ್ 1974

ಓಬಣ್ಣ,

‘ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಅಂತೀಯಲ್ಲ ಮಹಾರಾಯ! ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಕೆಲಸಕ್ಕೆ ಹೊರಟವನ ಹಾಗೆ ಮನೆ ಬಿಡುತ್ತೇನೆ. ಸಮುದ್ರದ ದಂಡೆಯಲ್ಲಿ ಸಂಜೆಯವರೆಗೆ ಸುತ್ತಿ ವಾಪಸ್ ಬರುತ್ತೇನೆ. ಶಬನಾಗೆ ಏನೂ ಹೇಳಿಲ್ಲ. ನಮ್ಮ ಎಂಟು ತಿಂಗಳ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡವಳಿಗೆ ಏನೆಂದು ಹೇಳಲಿ?

ಹೊಸ ಸುದ್ದಿ ಇದು. ಬಾಲದ ಫ್ಯಾನಿನ ಬುಡಕ್ಕೆ ಕಪ್ಪು ಎಳೆಗಳು ಬಿಗಿಯಾಗಿ ಸುತ್ತಿಕೊಂಡಿದ್ದವಂತೆ. ಮೆಕ್ಯಾನಿಕ್ ಒರೆಸುವ ಬಟ್ಟೆಯನ್ನು ಒಳಗೆ ಮರೆತಿದ್ದಾನೆ ಎಂದು ವಿಚಾರಣೆಯವರ ಅನುಮಾನ. ನಾನು ಒರೆಸುವುದು ಬಿಳಿ ಹತ್ತಿ ಚಿಂದಿಯಲ್ಲಿ. ಹಾಗೆಂದರೆ ನಗುತ್ತಾರೆ.

ಮೂರು ಪ್ರಶ್ನೆ ಕೇಳುತ್ತೇನೆ. ನೇರವಾಗಿ ಉತ್ತರ ಬರೆ, ವಿಚಾರಣೆಯಲ್ಲಿ ತೋರಿಸುತ್ತೇನೆ. ಒಂದು, ಇಳಿಯುವಾಗ ಬಾವುಟ ಯಾವ ಕಡೆ ಹಾರುತ್ತಿತ್ತು? ಎರಡು, ಬಯಲಿನಲ್ಲಿ ಕಲ್ಲು, ಗೂಟ, ತಂತಿ ಏನಾದರೂ ಇತ್ತೆ? ಮೂರು, ವೃತ್ತದ ಹತ್ತಿರ ಬಟ್ಟೆಯಂಥದ್ದು ಏನಾದರೂ ಬಿದ್ದಿತ್ತೆ?

ಗೌಸ್


ಜವನಗೊಂಡನಹಳ್ಳಿ
19 ಅಕ್ಟೋಬರ್ 1974

ಪ್ರೀತಿಯ ಗೌಸ್,

ಬಾವುಟ ಮೂಡಲ ಕಡೆಗೆ ಹಾರುತ್ತಿತ್ತು, ಕ್ಯಾಪ್ಟನ್ ಗಾಳಿಗೆ ಎದುರಾಗಿಯೇ ಬಂದರು. ಕಲ್ಲು, ಗೂಟ, ತಂತಿ ಯಾವುದೂ ಇರಲಿಲ್ಲ. ಇದನ್ನು ನೀನು ಎಲ್ಲಿ ಬೇಕಾದರೂ ತೋರಿಸಬಹುದು.

ಈ ಸಲ ಶೇಂಗಾ ಪರವಾಗಿಲ್ಲ. ಅಮ್ಮನ ಎರಡು ಕುರಿ ಅವಳಿಮರಿ ಹಾಕಿವೆ. ಹೊಸದುರ್ಗದ ಅಕ್ಕ ಗಂಗಕ್ಕ ಬಂದಿದ್ದಳು, ನಿನ್ನನ್ನು ವಿಚಾರಿಸಿದಳು. ರಾತ್ರಿ ಚಳಿ ಶುರುವಾಗಿದೆ.

ಹಿರಿಯೂರಿಗೆ ಹೋಗುವ ಬಸ್ಸು ಬಂತು, ಮೀಟಿಂಗ್ ಇದೆ. ಉಳಿದದ್ದು ಮುಂದಿನ ಪತ್ರದಲ್ಲಿ.

ಓಬಣ್ಣ


ಮುಂಬಯಿ
4 ನವೆಂಬರ್ 1974

ಓಬಣ್ಣ,

ಮೂರು ಕೇಳಿದೆ, ಎರಡಕ್ಕೆ ಉತ್ತರ ಬರೆದೆ. ಅವಳಿಮರಿಗಳಿಗೆ ಜಾಗ ಇತ್ತು, ಮೂರನೆಯದಕ್ಕೆ ಇರಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಆ ಎಳೆಗಳು ಹತ್ತಿಯಲ್ಲ, ಉಣ್ಣೆ ಎಂದು ಪರೀಕ್ಷೆಯ ವರದಿ ಬಂತು. ಆಗ ನಿನ್ನ ಮೌನ ಅರ್ಥವಾಯಿತು.

ಕಾಳಕ್ಕಮ್ಮ ಕೊಟ್ಟ ಕಂಬಳಿ ತುಂಡು. ಅವತ್ತು ಬೆಳಿಗ್ಗೆ ಹೊಳಲ್ಕೆರೆಯಲ್ಲಿ ಬಾಲದ ಕೆಳಗೆ ಅದನ್ನು ಹಾಸಿ ಕೂತಿದ್ದೆ. ಏಳುವಾಗ ಅದನ್ನು ಬಾಲದ ಸಂದಿಯಲ್ಲಿ ಸಿಕ್ಕಿಸಿ ಮರೆತೆನೋ ಏನೋ. ವಿಚಾರಣೆಯವರು ಸೀಲು ಮಾಡಿದ ನನ್ನ ಹತ್ಯಾರಿನ ಪೆಟ್ಟಿಗೆ ಬಿಚ್ಚಿದಾಗ ಅದರಲ್ಲಿ ಅದು ಇರಲಿಲ್ಲ. ಬಿದ್ದ ಯಂತ್ರದ ಹತ್ತಿರ ಮೊದಲು ಓಡಿದವನು ನೀನು. ಬಾಲಕ್ಕೆ ಸುತ್ತಿದ್ದ ತುಂಡು ನೋಡಿದ್ದೀಯ, ನಿಮ್ಮ ಮನೆಯದೆಂದು ಗುರುತು ಹಿಡಿದಿದ್ದೀಯ. ಅದಕ್ಕೇ ಹಗ್ಗದ ಆಚೆ ತಲೆ ತಗ್ಗಿಸಿದೆ. ನನ್ನನ್ನು ಉಳಿಸಲು ಬಾಯಿ ಕಟ್ಟಿಕೊಂಡು ಕೂತಿದ್ದೀಯ.

ಬೇಡಪ್ಪ. ನನ್ನಿಂದಾಗಿ ನೀನು ಸುಳ್ಳು ಹೇಳುವುದು ಬೇಡ. ಡಿಸೆಂಬರ್ 2ನೇ ತಾರೀಕು ಕೊನೆಯ ಹೇಳಿಕೆ. ತಪ್ಪು ನನ್ನದೆಂದು ಬರೆದು ಸಹಿ ಹಾಕುತ್ತೇನೆ. ಒಬ್ಬ ಮನುಷ್ಯನ ಕಾಲು ತೆಗೆದ ಮೇಲೆ ಲೈಸೆನ್ಸ್ ಇಟ್ಟುಕೊಂಡು ಏನು ಮಾಡಲಿ? ನಿನ್ನಂಥ ಗೆಳೆಯ ಇದ್ದಾನೆಂಬುದೊಂದೇ ಈಗ ಸಮಾಧಾನ.

ಗೌಸ್


ತಂತಿ
ಹಿರಿಯೂರು, 28 ನವೆಂಬರ್ 1974

ಸಹಿ ಹಾಕಬೇಡ. ನಿನ್ನ ತಪ್ಪಲ್ಲ. ಕಂಬಳಿ ನನ್ನ ಹತ್ತಿರ ಇದೆ. ಪತ್ರ ಬರುತ್ತಿದೆ. ಓಬಣ್ಣ


ಹಿರಿಯೂರು
28 ನವೆಂಬರ್ 1974

ಗೌಸ್,

ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮನೆಗೆ ಹೋದರೆ ಮತ್ತೆ ಹೆದರುತ್ತೇನೆ.

ಅವತ್ತು ಎಲ್ಲವೂ ನೀನು ಹೇಳಿದಂತೆಯೇ ಇತ್ತು. ಯಂತ್ರದ ಸದ್ದು ಗುಡ್ಡದ ಆಚೆ ಕೇಳಿಸಿದಾಗ ಅಮ್ಮ ಹಟ್ಟಿಯಿಂದ ಹೊಸ ಕಂಬಳಿ ತಂದಳು. ಎರಡು ವರ್ಷ ತಾನೇ ನೂತ ನೂಲಿನಿಂದ ನೇಯಿಸಿದ್ದು, ಯಾರೂ ಹೊದೆಯದ ಕರಿ ಕಂಬಳಿ. ಸುಣ್ಣದ ವೃತ್ತದ ನಟ್ಟನಡುವೆ ಹಾಸಿದಳು. ನಾಲ್ಕು ಮೂಲೆಗೂ ಎಲೆ ಅಡಿಕೆ ಇಟ್ಟು, ಕೈಮುಗಿದು, ಜನರ ನಡುವೆ ಬಂದು ನಿಂತಳು.

ನಾನು ನೋಡಿದೆ. ಬೆನ್ನು ಆ ಕಡೆಗಿತ್ತು ಎಂದು ಬರೆದದ್ದು ಸುಳ್ಳು. ಓಡಿಹೋಗಿ ಎತ್ತಲು ಬೇಕಾದಷ್ಟು ಹೊತ್ತು ಇತ್ತು. ಆದರೆ ಅತಿಥಿ ಕೂರುವ ಮೊದಲು ಹಾಸಿದ ಕಂಬಳಿಯನ್ನು ಮಡಿಸುವುದೆಂದರೆ ನಮ್ಮಲ್ಲಿ ಅವನನ್ನು ಬಾಗಿಲಿಂದ ಅಟ್ಟಿದ ಹಾಗೆ. ಇಡೀ ಹಟ್ಟಿಯ ಎದುರು ಅಮ್ಮನಿಗೆ ಹಾಗೆ ಮಾಡಲು ಕಾಲು ಏಳಲಿಲ್ಲ. ನೀನು ಬಟ್ಟೆ ಅಂದಿದ್ದೆ, ಗೋಣಿಚೀಲ ಅಂದಿದ್ದೆ, ಕಂಬಳಿ ಅಂದಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎತ್ತಿದರೆ ತೋಳು ನೋಯುವ ಕಂಬಳಿ, ಅದನ್ನು ಯಾವ ಗಾಳಿ ಎತ್ತೀತು ಅಂದುಕೊಂಡೆ.

ಎತ್ತಿತು. ಒಂದು ಮೂಲೆ ಎದ್ದಿತು, ಆಮೇಲೆ ಇಡೀ ಕಂಬಳಿ ಎದ್ದು ಬಾಲಕ್ಕೆ ಹೊಡೆಯಿತು.

ಕ್ಯಾಪ್ಟನ್ನರನ್ನು ಎಳೆದ ಮೇಲೆ ಎಲ್ಲರೂ ಅವರ ಸುತ್ತ ಕೂಡಿದರು. ನಾನು ಬಾಲದ ಹತ್ತಿರ ಹೋಗಿ ಕಂಬಳಿಯನ್ನು ಜಗ್ಗಿ ಕಿತ್ತೆ. ಒಂದು ಮೂಲೆ ಹರಿದು ಅಲ್ಲೇ ಉಳಿಯಿತು. ಉಳಿದದ್ದನ್ನು ಬೀಜದ ಗೋದಾಮಿನಲ್ಲಿ ಚೀಲಗಳ ಹಿಂದೆ ತುರುಕಿದೆ. ‘ಹೊಣೆ ನನ್ನದು’ ಎಂದು ಬರೆದುಕೊಟ್ಟವನು ನಾನು. ಪೊಲೀಸರು ಅಮ್ಮನನ್ನು ಎಳೆದೊಯ್ದರೆ ಎಂಬ ಭಯವೂ ಇತ್ತು. ನೌಕರಿಯ ಭಯ ಅದಕ್ಕಿಂತ ಕಡಿಮೆಯೇನೂ ಇರಲಿಲ್ಲ. ನೀನು ಕೈ ಎತ್ತಿದಾಗ ನಾನು ತಲೆ ತಗ್ಗಿಸಿದ್ದು ನಾಚಿಕೆಯಿಂದ.

ಕಂಬಳಿ ಎಲ್ಲಿ ಎಂದು ಅಮ್ಮ ಕೇಳಿದಳು. ಕ್ಯಾಪ್ಟನ್ನರಿಗೆ ಹೊದಿಸಿ ಆಸ್ಪತ್ರೆಗೆ ಕಳಿಸಿದೆವು ಎಂದೆ. ಅವಳ ಮುಖ ಅರಳಿತು. “ಅದರ ಬಿಸಿಗೆ ಮೂಳೆ ಕೂಡ್ತೈತೆ ಬಿಡು” ಎಂದಳು. ಈಗಲೂ ದಿನಾ ಅದೇ ಮಾತು.

ನಿನ್ನ ಕೊನೆಯ ಪತ್ರ ಬಂದು ಹದಿನೆಂಟು ದಿನವಾಯಿತು. ಇದನ್ನೂ ಮುಚ್ಚಿಡುವುದಿಲ್ಲ. ಮೊದಲ ದಿನ ಓದಿದಾಗ ಎದೆಯ ಭಾರ ಇಳಿಯಿತು. ನೀನೇ ಒಪ್ಪಿಕೊಳ್ಳುತ್ತೀಯ, ಅಮ್ಮ ಉಳಿದಳು, ನಾನು ಉಳಿದೆ ಅನ್ನಿಸಿತು. ಎರಡನೇ ಸಲ ಓದಿದಾಗ ‘ನಿನ್ನಂಥ ಗೆಳೆಯ’ ಎಂಬ ಮಾತಿನ ಹತ್ತಿರ ನಿಂತುಬಿಟ್ಟೆ. ಇವತ್ತು ಬೆಳಿಗ್ಗೆ ಬಸ್ಸು ಹತ್ತಿ ಬಂದು ನಿನಗೆ ತಂತಿ ಕೊಟ್ಟೆ.

ಈ ಪತ್ರವನ್ನು ವಿಚಾರಣೆಗೆ ಕೊಡು. ನಾನೂ ಅವರಿಗೆ ಬೇರೆ ಬರೆದು ಹಾಕುತ್ತಿದ್ದೇನೆ.

ಓಬಣ್ಣ


ಜವನಗೊಂಡನಹಳ್ಳಿ
22 ಡಿಸೆಂಬರ್ 1974

ಗೌಸ್,

ನೀನು ಉತ್ತರ ಬರೆದಿಲ್ಲ. ಬರೆಯಬೇಕೆಂದು ಕೇಳುವ ಮುಖವೂ ನನಗಿಲ್ಲ. ನಡೆದದ್ದು ನಿನಗೆ ಗೊತ್ತಿರಲಿ ಎಂದು ಬರೆಯುತ್ತೇನೆ.

ವಿಚಾರಣೆಯ ಅಧಿಕಾರಿ ದುರ್ಗಕ್ಕೆ ಬರುತ್ತಾರೆಂದು ತಿಳಿದ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ. ಕುರಿಗೆ ಸೊಪ್ಪು ಹಾಕುತ್ತಿದ್ದವಳು ಹಾಗೆಯೇ ಕೂತುಬಿಟ್ಟಳು.

“ಹಂಗಾರೆ ಆ ಸಾಹೇಬನ ಕಾಲು ತಿಂದಿದ್ದು ನನ್ನ ಕಂಬಳಿಯೇನ್ಲಾ?”

ನಾನು ಹೌದೆಂದು ತಲೆಯಾಡಿಸಿದೆ.

“ಗೌಸಪ್ಪ ಇಷ್ಟು ದಿನ ಅದಕ್ಕೆ ಬೈಸ್ಕಂಡು ಕುಂತಿದ್ನಾ? ನೀನು ಉಂಡ್ಕಂಡು ಓಡಾಡ್ಕಂಡು ಇದ್ದೆ?” ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಏಳು. ಕಂಬಳಿ ತಗಾ. ದುರ್ಗಕ್ಕೆ ಹೋಗಾಣ.”

17ರಂದು ಪ್ರವಾಸಿ ಬಂಗಲೆಯಲ್ಲಿ ಹೇಳಿಕೆ. ಅಧಿಕಾರಿಗೆ ಕನ್ನಡ ಬಾರದು, ಗುಮಾಸ್ತ ಹನುಮಂತಪ್ಪ ಹಿಂದಿಯಲ್ಲಿ ಹೇಳುತ್ತಿದ್ದ. ಅಮ್ಮನಿಗೆ ಕುರ್ಚಿ ಹಾಕಿದರು. ಅವಳು ಕೂರಲಿಲ್ಲ. ಮೇಜಿನ ಮೇಲಿದ್ದ ಹರಿದ ಕಂಬಳಿಯನ್ನು ತಾನೇ ಎತ್ತಿ ನೆಲಕ್ಕೆ ಹಾಸಿ, ಅದರ ಮೇಲೆ ಕುಳಿತಳು.

“ಈಗ ಕೇಳ್ರಿ. ಇದರ ಮ್ಯಾಲೆ ಕುಂತು ನಾವು ಸುಳ್ಳು ಹೇಳಾದಿಲ್ಲ.”

ಯಾಕೆ ಹಾಸಿದಿರಿ ಎಂದು ಅಧಿಕಾರಿ ಕೇಳಿಸಿದರು.

“ಮನೀಗೆ ಬಂದೋರನ್ನ ಬರೀ ನೆಲದ ಮ್ಯಾಲೆ ಕುಂಡ್ರಸಾಕೆ ಆಗ್ತೈತೇನ್ರಿ? ಹಾಸಬ್ಯಾಡ ಅಂತ ನನ್ನ ಮಗ ಹೇಳ್ಲಿಲ್ಲ. ಹೇಳಿದ್ರೆ ಮಡಿಸ್ತಿದ್ದೆ. ನನಗೆ ಏನು ಶಿಕ್ಷೆ ಕೊಡ್ತೀರೋ ಕೊಡ್ರಿ. ಆ ಸಾಬರ ಹುಡುಗನ್ನ ಬಿಡ್ರಿ.”

ಹನುಮಂತಪ್ಪ ಹಿಂದಿಗೆ ಹೇಳಲು ತಡವರಿಸಿದ. ಅಧಿಕಾರಿ ಎದ್ದು ಬಂದು, ಕೆಳಗೆ ಕೂತು, ಲಕೋಟೆಯಲ್ಲಿದ್ದ ಎಳೆಗಳನ್ನು ಹರಿದ ಮೂಲೆಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಅಮ್ಮನ ಮೇಲೆ ಕೇಸಿಲ್ಲ. ನಿನ್ನ ಮೇಲೆ ತಪ್ಪಿಲ್ಲ ಎಂದು ಬರೆಯುವುದಾಗಿ ಹೇಳಿದರು. ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ. ಅದು ಸರಿಯಾಗಿಯೇ ಇದೆ.

ಹೊರಡುವಾಗ ಅಮ್ಮ ಕಂಬಳಿ ವಾಪಸ್ ಕೇಳಿದಳು. ಅದು ಸಾಕ್ಷಿ, ಕೊಡುವಂತಿಲ್ಲ ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಪಕ್ಕ ಕೂರಲಿಲ್ಲ. ಇವತ್ತಿಗೂ ತಟ್ಟೆ ಇಡುತ್ತಾಳೆ, ಮಾತಾಡುವುದಿಲ್ಲ.

ಓಬಣ್ಣ


ಮುಂಬಯಿ
12 ಜನವರಿ 1975

ಓಬಣ್ಣ,

ನಿನಗೆ ನಾಲ್ಕು ಪತ್ರ ಬರೆದು ಹರಿದೆ. ಒಂದರಲ್ಲೂ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ. ಮೂರು ತಿಂಗಳು ನಾನು ಸಮುದ್ರದ ದಂಡೆಯಲ್ಲಿ ತಿರುಗುವಾಗ ನೀನು ನನಗೆ ಬಾವುಟದ ದಿಕ್ಕು ಬರೆದು ಕಳಿಸುತ್ತಿದ್ದೆ. ಆ ಸಿಟ್ಟು ಹೋಗಿಲ್ಲ. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ.

ನಿನ್ನ ತಂತಿ ಬಂದ ದಿನ ಶಬನಾಗೆ ಎಲ್ಲ ಹೇಳಿದೆ. ಕಂಬಳಿ ತುಂಡಿನ ಮಾತು ಬಂದಾಗ ಅವಳು ಎದ್ದು ಹೋಗಿ ತೊಟ್ಟಿಲಿನಿಂದ ಅದನ್ನು ಎಳೆದು ತಂದಳು. ಹೊಳಲ್ಕೆರೆ ಕ್ಯಾಂಪಿನವರು ನನ್ನ ಹಾಸಿಗೆ ಕಟ್ಟಿ ಮುಂಬಯಿಗೆ ಕಳಿಸುವಾಗ ಅದನ್ನೂ ಸೇರಿಸಿ ಸುತ್ತಿದ್ದರು. ಅವಳು ಒಗೆದು ಮಗುವಿನ ಕೆಳಗೆ ಹಾಸಿದ್ದಳು. ದಿನಾ ಸಂಜೆ ಆ ತೊಟ್ಟಿಲನ್ನು ತೂಗಿದವನು ನಾನೇ. ಮನೆಯಲ್ಲಿ ಒಂದು ಮಾತು ಹೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಬಾಯಿ ಮುಚ್ಚಿಕೊಂಡು ಕೆಡಿಸಿದವನು ನೀನೊಬ್ಬನೇ ಅಲ್ಲ.

ಮೊನ್ನೆ ಲೈಸೆನ್ಸ್ ವಾಪಸ್ ಬಂತು. ಕ್ಯಾಪ್ಟನ್ನರ ಮನೆಗೆ ಹೋಗಿ ಎಲ್ಲ ಹೇಳಿದೆ. ಇಳಿಯುವ ಮೊದಲು ಬಿಳಿ ವೃತ್ತದ ನಡುವೆ ಕಪ್ಪಗೆ ಒಂದು ಚೌಕ ಕಂಡದ್ದು ಈಗ ನೆನಪಾಗುತ್ತಿದೆ ಎಂದರು. ನೀರು ಹಾಕಿಸಿರುತ್ತಾರೆಂದು ನಾನೇ ಅವರಿಗೆ ಹೇಳಿದ್ದೆ. ಅದು ಒದ್ದೆ ನೆಲ ಎಂದುಕೊಂಡರಂತೆ. ಆಮೇಲೆ ಕೇಳಿದರು, ‘ಅದನ್ನು ನಿಜವಾಗಿಯೂ ನನಗೆಂದೇ ಹಾಸಿದ್ದರಾ?’ ಹೌದೆಂದೆ. ಕಿಟಕಿಯ ಕಡೆ ತಿರುಗಿದರು. ನಾನು ಏಳುವಾಗ, ಆ ತಾಯಿಗೆ ನನ್ನ ನಮಸ್ಕಾರ ಹೇಳು ಎಂದರು. ಇದನ್ನು ಕಾಳಕ್ಕಮ್ಮನಿಗೆ ನೀನು ಹೇಳಬೇಡ, ನಾನೇ ಬಂದು ಹೇಳುತ್ತೇನೆ.

ಇಳಿಯುವ ಜಾಗದ ಪಟ್ಟಿಯನ್ನು ಮತ್ತೆ ಬರೆಯಲು ನನಗೇ ಒಪ್ಪಿಸಿದ್ದಾರೆ. ಅದರಲ್ಲಿ ಕಂಬಳಿಯನ್ನೂ ಸೇರಿಸಿದೆ. ಕುರಿಹಟ್ಟಿಯ ಪಕ್ಕ ಇಳಿಯುವ ಯಂತ್ರಕ್ಕೆ ಏನು ಹಾಸುತ್ತಾರೆಂದು ನಿಮ್ಮ ಮನೆಯಲ್ಲಿ ಉಂಡು ಬೆಳೆದ ನನಗೇ ಹೊಳೆಯದೆ ಹೋಯಿತಲ್ಲ.

ಇದೇ 26ನೇ ತಾರೀಕು ಭಾನುವಾರ ಹಿರಿಯೂರಿನಿಂದ ಬಸ್ಸಿನಲ್ಲಿ ಬರುತ್ತೇನೆ. ಕ್ಷಮಿಸಿದೆ ಎಂದುಕೊಳ್ಳಬೇಡ, ಅಮ್ಮನನ್ನು ನೋಡಲು ಬರುತ್ತಿದ್ದೇನೆ. ಮನೆಯಲ್ಲಿ ಇನ್ನೊಂದು ಕಂಬಳಿ ಇದ್ದರೆ ಹಾಸಲಿ. ಇಲ್ಲದಿದ್ದರೆ ತೊಟ್ಟಿಲಿನ ತುಂಡನ್ನೇ ತರುತ್ತೇನೆ, ಇಬ್ಬರಿಗೆ ಸಾಕು. ಒಂದು ತುದಿಯಲ್ಲಿ ನಾನು ಕೂರುತ್ತೇನೆ. ಇನ್ನೊಂದು ತುದಿಯಲ್ಲಿ ನೀನು ಕೂತು, ಮೊದಲಿನಿಂದ ಎಲ್ಲವನ್ನೂ ನಿನ್ನ ಬಾಯಿಂದಲೇ ಹೇಳಬೇಕು. ಈ ಸಲ ಹೊಟ್ಟೆನೋವೆಂದು ಓಡಬೇಡ.

ಗೌಸ್